ಹಾಸನದ ಸ್ವಂತ ಮನೆಯಿಂದ ಪುಣೆಯ ಬಾಡಿಗೆ ಮನೆಗೆ: ಸಂಬಳ ಎಷ್ಟು ಹೆಚ್ಚಿದರೆ ಲಾಭ?

ಪ್ರಶ್ನೆ: ನನಗೆ 38 ವರ್ಷ. ಹಾಸನದ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗ ತಯಾರಿಕಾ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮೇಲ್ವಿಚಾರಕನಾಗಿದ್ದೇನೆ. ಪಿಎಫ್ ಕಳೆದು ಕೈಗೆ 46,000 ರೂಪಾಯಿ ಬರುತ್ತದೆ. ನನ್ನ ಹೆಂಡತಿ ಬಿ.ಇಡಿ. ಮಾಡಿದ್ದು, ಖಾಸಗಿ ಶಾಲೆಯೊಂದರಲ್ಲಿ 14,000 ರೂಪಾಯಿ ಸಂಬಳಕ್ಕೆ ಪಾಠ ಮಾಡುತ್ತಾಳೆ. ಮಗಳು ಅನುದಾನಿತ ಶಾಲೆಯಲ್ಲಿ ಕನ್ನಡ ಮಾಧ್ಯಮದ ಎಂಟನೆಯ ತರಗತಿಯಲ್ಲಿದ್ದಾಳೆ. ಮಗ ಇಂಗ್ಲಿಷ್ ಮಾಧ್ಯಮದಲ್ಲಿ ಮೂರನೆಯ ತರಗತಿ. ವಿದ್ಯಾನಗರದಲ್ಲಿ ಅಪ್ಪ ಕಟ್ಟಿಸಿದ ಮನೆಯಿದೆ. 66 ವರ್ಷದ ಅಮ್ಮ ನಮ್ಮ ಜೊತೆಗಿದ್ದಾರೆ, ಊರು ಬಿಟ್ಟು ಬರುವುದಿಲ್ಲ ಎನ್ನುತ್ತಾರೆ. ಆಲೂರಿನ ಕಡೆ ಇರುವ ಜಮೀನಿನ ಪಾಲಿನಿಂದ ಅಕ್ಕಿ, ರಾಗಿ, ತೆಂಗಿನಕಾಯಿ ಬರುತ್ತವೆ. ಈಗ ಪುಣೆ ಬಳಿಯ ಚಾಕಣದ ಕಂಪನಿಯೊಂದು ವರ್ಷಕ್ಕೆ 10.8 ಲಕ್ಷ ಸಿಟಿಸಿ ಕೊಡುವುದಾಗಿ ಹೇಳಿದೆ. ಅದರಲ್ಲಿ ಶೇ 10ರಷ್ಟು ವೇರಿಯಬಲ್ ಪೇ, ಅಂದರೆ ಕೆಲಸ ನೋಡಿ ಕೊಡುವ, ಪೂರ್ತಿ ಸಿಗುವುದು ಖಚಿತವಿಲ್ಲದ ಭಾಗ. ಮೋಶಿಯಲ್ಲಿ ಎರಡು ಕೋಣೆಯ ಮನೆಗೆ 19,000 ಬಾಡಿಗೆ, ಅಲ್ಲಿನ ಸಾಧಾರಣ ಸಿಬಿಎಸ್‌ಇ ಶಾಲೆಗೆ ಇಬ್ಬರು ಮಕ್ಕಳಿಗೆ ವ್ಯಾನ್ ಸೇರಿ ತಿಂಗಳಿಗೆ 9,000 ಆಗುತ್ತದೆಂದು ವಿಚಾರಿಸಿದ್ದೇನೆ. ಜೀವನವೆಚ್ಚ ಹೋಲಿಸುವ ಆ್ಯಪ್‌ನಲ್ಲಿ ಪುಣೆ ಹಾಸನಕ್ಕಿಂತ ಶೇ 38 ದುಬಾರಿ ಎಂದು ತೋರಿಸುತ್ತದೆ. ಸಂಬಳ ಹೆಚ್ಚುಕಡಿಮೆ ಎರಡು ಪಟ್ಟಾಗುವುದರಿಂದ ಹೋಗುವುದೇ ಲಾಭವಲ್ಲವೇ? ನಮ್ಮ ತಿಂಗಳ ಖರ್ಚಿನ ಪಟ್ಟಿಯನ್ನೂ ಕಳುಹಿಸಿದ್ದೇನೆ.

ಉತ್ತರ: ನೀವು ಕೊಟ್ಟಿರುವ ವಿವರಗಳ ಪ್ರಕಾರ, ಈಗಿನ ಷರತ್ತುಗಳಿಗೆ ಒಪ್ಪಿ, ಅಮ್ಮನವರನ್ನು ಹಾಸನದಲ್ಲಿ ಬಿಟ್ಟು ನೀವು ನಾಲ್ವರೂ ಪುಣೆಗೆ ಹೋದರೆ, ಕನಿಷ್ಠ ಮೊದಲ ವರ್ಷ ನಿಮ್ಮ ಕುಟುಂಬದ ಉಳಿತಾಯ ಕಡಿಮೆಯಾಗುತ್ತದೆ. ಆ್ಯಪ್ ಹೇಳಿದ ಶೇ 38 ಸರಿಯೇ ತಪ್ಪೇ ಎಂಬುದು ಇಲ್ಲಿ ಅಷ್ಟು ಮುಖ್ಯವಲ್ಲ. ಹಾಸನದಲ್ಲಿ ನೀವು ದುಡ್ಡು ಕೊಡದೆ ಪಡೆಯುತ್ತಿರುವ ಹಲವು ಅನುಕೂಲಗಳು ಯಾವ ಆ್ಯಪ್‌ನ ಲೆಕ್ಕಕ್ಕೂ ಬಂದಿಲ್ಲ. ನಿಮ್ಮ ಮನೆಯವರ, ಅಂದರೆ ಹೆಂಡತಿಯ, ಸಂಬಳ ನಿಂತುಹೋಗುತ್ತದೆ ಎಂಬುದೂ ಬಂದಿಲ್ಲ. ಹೋಗಲೇಬಾರದು ಎಂದು ನಾನು ಹೇಳುತ್ತಿಲ್ಲ. ಎಷ್ಟಕ್ಕೆ, ಯಾವಾಗ ಮತ್ತು ಯಾವ ರೀತಿಯಲ್ಲಿ ಹೋದರೆ ಲಾಭ ಎಂಬುದನ್ನು ಲೆಕ್ಕಹಾಕಿ ನೋಡಬೇಕು.

ಮೊದಲು ಸಂಬಳದ ವಿಷಯ. ನೀವು ಹಾಸನದಲ್ಲಿ ಕೈಗೆ ಬರುವ 46,000ವನ್ನು ಪುಣೆಯ ಸಿಟಿಸಿಯ ಜೊತೆಗೆ, ಎಂದರೆ ತಿಂಗಳಿಗೆ 90,000ದ ಜೊತೆಗೆ, ಹೋಲಿಸಿದ್ದೀರಿ. ಸಿಟಿಸಿ ಎಂಬುದು ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚೇ ಹೊರತು ಬ್ಯಾಂಕ್ ಖಾತೆಗೆ ಬೀಳುವ ಹಣವಲ್ಲ. ಅದರಲ್ಲಿ ಅರ್ಧದಷ್ಟು, ಅಂದರೆ 45,000, ಮೂಲವೇತನ ಎಂದುಕೊಳ್ಳೋಣ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕಾಗಿರುವುದರಿಂದ ಈ ಅಂದಾಜು ವಾಸ್ತವಕ್ಕೆ ಹತ್ತಿರವಾಗಿಯೇ ಇರುತ್ತದೆ. ಆಗ ಕಂಪನಿಯ ಪಾಲಿನ ಪಿಎಫ್ 5,400, ಗ್ರ್ಯಾಚುಟಿಗೆ ಮೂಲವೇತನದ ಶೇ 4.81ರಂತೆ ಸುಮಾರು 2,165, ವೇರಿಯಬಲ್ ಪೇ 9,000; ಇವಿಷ್ಟೂ ಸಂಬಳದ ಚೀಟಿಗೆ ಬರುವ ಮೊದಲೇ ಕಳೆದುಹೋಗುತ್ತವೆ. ಉಳಿದ ಮೊತ್ತದಲ್ಲಿ ನಿಮ್ಮ ಪಾಲಿನ ಪಿಎಫ್ 5,400 ಮತ್ತು ವೃತ್ತಿ ತೆರಿಗೆ 200 ಕಳೆದರೆ ಕೈಗೆ ಸಿಗುವುದು ಸುಮಾರು 67,800. ಆದಾಯ ತೆರಿಗೆಯ ಚಿಂತೆ ನಿಮಗಿಲ್ಲ. ಅದು ಕೇಂದ್ರದ ತೆರಿಗೆಯಾದ್ದರಿಂದ ಹಾಸನವಾದರೂ ಪುಣೆಯಾದರೂ ಒಂದೇ. ಹೊಸ ಪದ್ಧತಿಯಲ್ಲಿ 2025-26ರಿಂದ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಬರುವುದಿಲ್ಲ. ವೃತ್ತಿ ತೆರಿಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದರೂ ವರ್ಷಕ್ಕೆ 2,500 ರೂಪಾಯಿ ಮೀರಬಾರದೆಂದು ಸಂವಿಧಾನದ 276ನೆಯ ವಿಧಿಯೇ ಮಿತಿ ಹಾಕಿರುವುದರಿಂದ ಅದನ್ನು ಹೋಲಿಕೆಯಲ್ಲಿ ಮರೆತುಬಿಡಬಹುದು.

ಹಾಗಾಗಿ ಹೋಲಿಸಬೇಕಾದ್ದು 46,000ಕ್ಕೆ 67,800ನ್ನು. ಕುಟುಂಬದ ಒಟ್ಟು ಆದಾಯ ತೆಗೆದುಕೊಂಡರೆ ಅಂತರ ಇನ್ನೂ ಕಿರಿದಾಗುತ್ತದೆ: ಇಲ್ಲಿ ಇಬ್ಬರದೂ ಸೇರಿ 60,000, ಅಲ್ಲಿ ಮನೆಯವರಿಗೆ ಕೆಲಸ ಸಿಗುವವರೆಗೆ 67,800. ಎರಡು ಪಟ್ಟು ಎಂದುಕೊಂಡಿದ್ದ ಹೆಚ್ಚಳ 7,800 ರೂಪಾಯಿಗೆ ಇಳಿಯಿತು.

ಇನ್ನು ಆ ಶೇ 38ರ ವಿಷಯ. ಇಂಥ ಆ್ಯಪ್‌ಗಳು ಬಳಕೆದಾರರೇ ತುಂಬುವ ಬೆಲೆಗಳ ಮೇಲೆ ನಡೆಯುತ್ತವೆ. ಪುಣೆಯಂಥ ನಗರಕ್ಕೆ ಬೆಲೆ ತುಂಬುವವರು ಸಾಕಷ್ಟು ಜನ ಇರುತ್ತಾರೆ. ಹಾಸನದ ಗಾತ್ರದ ಊರಿಗೆ ಬೆರಳೆಣಿಕೆಯಷ್ಟು ಜನ ಇದ್ದರೆ ಹೆಚ್ಚು. ಅದಕ್ಕಿಂತ ದೊಡ್ಡ ತೊಡಕೆಂದರೆ, ನಗರದ ನಡುವೆ ಬಾಡಿಗೆಗೆ ಇದ್ದುಕೊಂಡು ಆಗಾಗ ಹೋಟೆಲಿನಲ್ಲಿ ಊಟ ಮಾಡುವ ಒಬ್ಬ ಕಾಲ್ಪನಿಕ ಮನುಷ್ಯನ ಖರ್ಚನ್ನು ಅವು ಎರಡೂ ಊರುಗಳಲ್ಲಿ ಅಳೆಯುತ್ತವೆ. ಸ್ವಂತ ಮನೆಯಲ್ಲಿದ್ದು ಹೊಲದ ಅಕ್ಕಿ ಉಣ್ಣುವ ನಿಮ್ಮ ಕುಟುಂಬಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ಸರ್ಕಾರದ ಅಂಕಿಅಂಶಗಳನ್ನು ನೋಡಿದರಾಗದೇ ಎಂದು ಹಲವರು ಕೇಳುತ್ತಾರೆ. ನೋಡಬಹುದು, ಆದರೆ ಅವು ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ತಿಳಿದು ನೋಡಬೇಕು. ಪ್ರತಿ ತಿಂಗಳು ಪ್ರಕಟವಾಗುವ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ರಾಜ್ಯವಾರು ಸಂಖ್ಯೆಗಳಿರುತ್ತವೆ. ಅಲ್ಲಿ ಆಧಾರ ವರ್ಷದಲ್ಲಿ ಪ್ರತಿ ರಾಜ್ಯವನ್ನೂ 100 ಎಂದೇ ಇಟ್ಟಿರುತ್ತಾರೆ. ಆದ್ದರಿಂದ ಒಂದು ರಾಜ್ಯದ ಸೂಚ್ಯಂಕ ಇನ್ನೊಂದಕ್ಕಿಂತ ಹೆಚ್ಚಿದ್ದರೆ ಆ ರಾಜ್ಯದಲ್ಲಿ ಬೆಲೆಗಳು ಹೆಚ್ಚು ವೇಗವಾಗಿ ಏರಿವೆ ಎಂದಷ್ಟೇ ಅರ್ಥ, ಆ ರಾಜ್ಯ ದುಬಾರಿ ಎಂದಲ್ಲ. 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆ ಇನ್ನೂ ಮೋಜಿನದು. ಅದರ ಪ್ರಕಾರ ನಗರ ಪ್ರದೇಶದಲ್ಲಿ ತಲಾ ಮಾಸಿಕ ವೆಚ್ಚ ಕರ್ನಾಟಕದಲ್ಲಿ 8,076 ರೂಪಾಯಿ, ಮಹಾರಾಷ್ಟ್ರದಲ್ಲಿ 7,363. ಇದನ್ನೇ ಹಿಡಿದು ಮಹಾರಾಷ್ಟ್ರ ಅಗ್ಗ ಎಂದು ಹೊರಟರೆ ಮೋಶಿಯಲ್ಲಿ ಮೊದಲ ತಿಂಗಳ ಬಾಡಿಗೆ ಕೊಡುವಾಗಲೇ ಭ್ರಮೆ ಹರಿಯುತ್ತದೆ. ಆ ಸಮೀಕ್ಷೆ ಅಳೆಯುವುದು ಜನ ಎಷ್ಟು ಖರ್ಚು ಮಾಡುತ್ತಾರೆ ಎಂಬುದನ್ನು, ವಸ್ತುವಿನ ಬೆಲೆಯನ್ನಲ್ಲ. ನಗರ ಕರ್ನಾಟಕದ ಲೆಕ್ಕದಲ್ಲಿ ಬೆಂಗಳೂರಿನ ಪಾಲು ದೊಡ್ಡದಾಗಿರುವುದರಿಂದ ಹಾಸನದ ಅಡುಗೆಮನೆಯ ಬಗ್ಗೆ ಆ ಸರಾಸರಿ ಏನನ್ನೂ ಹೇಳುವುದಿಲ್ಲ.

ನನಗೆ ಇವೆಲ್ಲಕ್ಕಿಂತ ಉಪಯುಕ್ತವೆನಿಸುವ ಅಳತೆಗೋಲು ಕೇಂದ್ರ ಸರ್ಕಾರಿ ನೌಕರರ ಸಂಬಳದ ಚೀಟಿ. ಅವರಿಗೆ ತುಟ್ಟಿಭತ್ಯೆ ಹಾಸನದಲ್ಲೂ ಪುಣೆಯಲ್ಲೂ ಒಂದೇ ದರದಲ್ಲಿ ಸಿಗುತ್ತದೆ. ಬೇರೆಯಾಗುವುದು ಮನೆ ಬಾಡಿಗೆ ಭತ್ಯೆ: ಊರಿನ ಗಾತ್ರ ನೋಡಿ ಸರ್ಕಾರ ಮಾಡಿರುವ ವಿಂಗಡಣೆಯಂತೆ ಎಕ್ಸ್ ವರ್ಗದ ಪುಣೆಯಲ್ಲಿ ಮೂಲವೇತನದ ಶೇ 30, ಜೆಡ್ ವರ್ಗದ ಹಾಸನದಲ್ಲಿ ಶೇ 10. ಬೇಳೆ, ಎಣ್ಣೆ, ಸೋಪಿನ ಬೆಲೆ ಊರಿಂದ ಊರಿಗೆ ಅಷ್ಟಾಗಿ ಬದಲಾಗುವುದಿಲ್ಲ, ಸೂರಿನ ಬೆಲೆ ಬದಲಾಗುತ್ತದೆ ಎಂಬ ತಿಳಿವಳಿಕೆ ಈ ವ್ಯವಸ್ಥೆಯ ಹಿಂದಿದೆ. ನಿಮ್ಮ ಮೂಲವೇತನಕ್ಕೆ ಇದನ್ನು ಅನ್ವಯಿಸಿದರೆ ಅಂತರ 9,000 ರೂಪಾಯಿ. ಆದರೆ ಅದು ಎರಡೂ ಊರಲ್ಲಿ ಬಾಡಿಗೆಗೆ ಇರುವವರ ಲೆಕ್ಕ. ನಿಮಗೆ ಇಲ್ಲಿ ಬಾಡಿಗೆಯೇ ಇಲ್ಲದಿರುವಾಗ 19,000 ಪೂರ್ತಿಯಾಗಿ ಹೊಸ ಖರ್ಚು.

ದಿನಸಿಯ ವಿಷಯವನ್ನು ಬೇಗ ಮುಗಿಸುತ್ತೇನೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಪೊಟ್ಟಣ ಕಟ್ಟಿದ ವಸ್ತುಗಳ ತೆರಿಗೆ ದೇಶದಲ್ಲೆಲ್ಲ ಒಂದೇ. ಪೆಟ್ರೋಲ್, ಡೀಸೆಲ್ ಅದರ ಹೊರಗಿದ್ದು ರಾಜ್ಯಕ್ಕೊಂದು ಬೆಲೆ. ಎದ್ದು ಕಾಣುವ ವ್ಯತ್ಯಾಸವೆಂದರೆ ಹಾಲು. 2025ರ ಏಪ್ರಿಲ್‌ನಲ್ಲಿ ನಾಲ್ಕು ರೂಪಾಯಿ ಏರಿದ ನಂತರವೂ ನಂದಿನಿಯ ನೀಲಿ ಪ್ಯಾಕೆಟ್ ಲೀಟರಿಗೆ 46 ರೂಪಾಯಿ ಆಗಿತ್ತು. ಅದೇ ಗುಣಮಟ್ಟದ ಹಾಲಿಗೆ ಪುಣೆಯಲ್ಲಿ ಹತ್ತು ರೂಪಾಯಿಯಷ್ಟು ಹೆಚ್ಚೇ ಕೊಡಬೇಕು. ದಿನಕ್ಕೆ ಎರಡು ಲೀಟರ್ ಎಂದರೆ ತಿಂಗಳಿಗೆ 600. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸಂಜೆ ಹೊತ್ತಿಗೆ ಚೌಕಾಸಿ ಮಾಡಿ ತರುವ ಸೊಪ್ಪು, ತರಕಾರಿಯ ಅಗ್ಗ ಅಲ್ಲಿ ಸಿಗಲಿಕ್ಕಿಲ್ಲ, ಆದರೆ ಅದರಿಂದ ಯಾರ ಬಜೆಟ್ಟೂ ಮುರಿದು ಬೀಳುವುದಿಲ್ಲ.

ಬಜೆಟ್ ಮುರಿಯುವುದು ಈಗ ಪುಕ್ಕಟೆ ಸಿಗುತ್ತಿರುವ ವಸ್ತುಗಳಿಗೆ ದುಡ್ಡು ಕೊಡಬೇಕಾಗಿ ಬಂದಾಗ. ನಿಮ್ಮ ಪಟ್ಟಿಯಲ್ಲಿ ದಿನಸಿ, ತರಕಾರಿ, ಹಾಲು, ಗ್ಯಾಸ್ ಎಲ್ಲ ಸೇರಿ ಐವರಿಗೆ 13,000 ಎಂದು ಬರೆದಿದ್ದೀರಿ. ಅದರಲ್ಲಿ ಅಕ್ಕಿಯ ಸಾಲೇ ಇಲ್ಲ. ವಿದ್ಯುತ್ತಿನ ಎದುರು ಸೊನ್ನೆ ಇದೆ; ಅದು ಗೃಹಜ್ಯೋತಿಯ ಫಲ. 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ ಇಲ್ಲಿನ ವಿದ್ಯುತ್ ಕಂಪನಿಯಾದ ಸೆಸ್ಕ್ ಕೊಡುವ ಶೂನ್ಯ ಬಿಲ್ ರಾಜ್ಯದ ಗಡಿ ದಾಟಿದರೆ ಇಲ್ಲ. ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ ದರವಾದರೋ 100 ಯೂನಿಟ್, ಆಮೇಲೆ 300 ಯೂನಿಟ್ ದಾಟಿದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹಾಸನ ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಎತ್ತರದಲ್ಲಿದೆ, ಪುಣೆ ಸುಮಾರು 560 ಮೀಟರ್; ಇಲ್ಲಿ ಫ್ಯಾನಿನಲ್ಲಿ ಕಳೆಯುವ ಏಪ್ರಿಲ್ ತಿಂಗಳಿಗೆ ಅಲ್ಲಿ ಕೂಲರ್ ಬೇಕಾಗಬಹುದು. ಮನೆಯವರು ಶಾಲೆಗೆ ಹೋಗಿಬರಲು, ಆಲೂರಿಗೆ ಹೋಗಲು 2023ರ ಜೂನ್ 11ರಿಂದ ಬಸ್ಸಿಗೆ ಹಣ ಕೊಟ್ಟಿಲ್ಲ. ಮಹಾರಾಷ್ಟ್ರದ ರಾಜ್ಯ ಸಾರಿಗೆಯ ಎಸ್‌ಟಿ ಬಸ್‌ಗಳಲ್ಲಿ ಮಹಿಳೆಯರಿಗೆ ಅರ್ಧ ಟಿಕೆಟ್ ಇದೆ, ಆದರೆ ದಿನನಿತ್ಯ ಓಡಾಡಬೇಕಾದ ನಗರ ಸಾರಿಗೆ ಬೇರೆ ಸಂಸ್ಥೆಯದು.

ಎಲ್ಲಕ್ಕಿಂತ ದೊಡ್ಡ ಪುಕ್ಕಟೆ ಅನುಕೂಲ ನಿಮ್ಮ ತಾಯಿಯವರು. ಮಧ್ಯಾಹ್ನ ಮೂರೂವರೆಗೆ ಮನೆಗೆ ಬರುವ ಮಗನಿಗೆ ಬಾಗಿಲು ತೆರೆದು, ಊಟ ಬಡಿಸಿ, ಸಂಜೆಯವರೆಗೆ ನೋಡಿಕೊಳ್ಳುವವರು ಮನೆಯಲ್ಲಿ ಇರುವುದರಿಂದಲೇ ಸೊಸೆ ಹೊರಗೆ ದುಡಿಯುವುದು ಸಾಧ್ಯವಾಗಿದೆ. ಮೋಶಿಯಲ್ಲಿ ಆ ಸೌಕರ್ಯಕ್ಕೆ ಡೇಕೇರ್‌ನವರು ಶುಲ್ಕ ಕೇಳುತ್ತಾರೆ. ಇಲ್ಲಿ ಒಂಟಿಯಾಗಿ ಉಳಿಯುವ ಅವರ ಮನೆಯನ್ನೂ ನೀವೇ ನಡೆಸಬೇಕು.

ಈಗ ಎರಡು ಪಟ್ಟಿಗಳನ್ನು ಎದುರುಬದುರು ಇಡೋಣ. ಹಾಸನದಲ್ಲಿ ನೀವು ಬರೆದಿರುವಂತೆ ಕಂದಾಯ ಮತ್ತು ನೀರಿಗೆ 700, ಅಡುಗೆಮನೆಗೆ 13,000, ಶಾಲೆಗೆ 4,500, ಪೆಟ್ರೋಲಿಗೆ 3,000, ಫೋನ್ ಮತ್ತು ಇಂಟರ್ನೆಟ್‌ಗೆ 1,300, ಅಮ್ಮನ ಔಷಧಿಗೆ 1,800, ಜೀವವಿಮೆಗೆ 4,000, ಕಾರಿನ ಕಂತು 7,200, ಬಟ್ಟೆಬರೆ ಹಬ್ಬಹರಿದಿನಕ್ಕೆ 5,500, ಒಟ್ಟು 41,000. ತಿಂಗಳಿಗೆ 19,000 ಉಳಿಯುತ್ತಿದೆ. ಪುಣೆಯಲ್ಲಿ ಬಾಡಿಗೆ 19,000, ನಾಲ್ವರ ಅಡುಗೆಮನೆಗೆ ಅಕ್ಕಿ, ರಾಗಿ, ಕಾಯಿ ಕೊಳ್ಳುವುದೂ ಸೇರಿ 14,500, ಶಾಲೆಗೆ 9,000, ವಿದ್ಯುತ್ತಿಗೆ 1,500, ಕಂಪನಿ ಬಸ್ ಇದ್ದರೆ ಪೆಟ್ರೋಲಿಗೆ 2,000, ಫೋನ್‌ಗೆ 1,600. ವಿಮೆ, ಕಂತು, ಬಟ್ಟೆಬರೆ ಮೂರೂ ಇದ್ದಷ್ಟೇ, 16,700. ಹಾಸನದ ಮನೆ ಮತ್ತು ಅಮ್ಮನವರ ಊಟ, ಔಷಧಿ, ಕೆಲಸದವರಿಗೆಂದು 6,500. ಅರಸೀಕೆರೆಯಿಂದ ಹುಬ್ಬಳ್ಳಿ, ಬೆಳಗಾವಿ, ಮೀರಜ್ ಮಾರ್ಗವಾಗಿ ಪುಣೆಗೆ ರೈಲು ಇರುವುದರಿಂದ ವರ್ಷಕ್ಕೆ ನಾಲ್ಕು ಸಲ ನಾಲ್ವರೂ ಊರಿಗೆ ಬಂದುಹೋಗಲು ತಿಂಗಳಿಗೆ 3,000 ಎತ್ತಿಟ್ಟರೆ ಸಾಕೆನ್ನೋಣ. ಒಟ್ಟು 73,800. ಕೈಗೆ ಬರುವುದು 67,800. ತಿಂಗಳಿಗೆ 6,000 ಕೊರತೆ.

ಇಲ್ಲಿಗೆ ಲೆಕ್ಕ ನಿಲ್ಲಿಸಿದರೆ ಪುಣೆಗೆ ಅನ್ಯಾಯ ಮಾಡಿದಂತಾಗುತ್ತದೆ, ಏಕೆಂದರೆ ಪಿಎಫ್ ಕೂಡ ನಿಮ್ಮದೇ ಹಣ. ಹಾಸನದ ಕಾರ್ಖಾನೆ 15,000ದ ಶಾಸನಬದ್ಧ ಮಿತಿಯ ಮೇಲೆ ನಿಮ್ಮ ಪಾಲು, ತನ್ನ ಪಾಲು ಎಂದು ತಲಾ 1,800 ಕಟ್ಟುತ್ತಿದೆ ಎಂದು ನಿಮ್ಮ ಸಂಬಳದ ಚೀಟಿಯಿಂದ ತಿಳಿಯುತ್ತದೆ, ಒಟ್ಟು 3,600. ಪುಣೆಯಲ್ಲಿ ಅದು 10,800 ಆಗುತ್ತದೆ. ಅದನ್ನೂ ಉಳಿತಾಯವೆಂದು ಸೇರಿಸಿದರೆ ಹಾಸನದಲ್ಲಿ ತಿಂಗಳಿಗೆ 22,600 ಉಳಿದರೆ ಪುಣೆಯಲ್ಲಿ 4,800 ಉಳಿಯುತ್ತದೆ. ವೇರಿಯಬಲ್ ಪೇ ಪೂರ್ತಿ ಸಿಕ್ಕಿದರೆ 13,800. ಮನೆಯವರಿಗೆ ಅಲ್ಲಿಯೂ 14,000ದ ಕೆಲಸ ಸಿಕ್ಕಿ, ವೇರಿಯಬಲ್ ಅರ್ಧದಷ್ಟು ಬಂದರೆ 23,300. ಅಂದರೆ ಡೇಕೇರ್ ಶುಲ್ಕ ಬಿಟ್ಟು ನೋಡಿದರೆ, ಇಬ್ಬರೂ ದುಡಿದಾಗ ಪುಣೆ ಹಾಸನಕ್ಕೆ ಸರಿಸಮವಾಗುತ್ತದೆ. ನೀವೊಬ್ಬರೇ ದುಡಿದರೆ ಹಿಂದೆ ಬೀಳುತ್ತದೆ. ಒಂದೇ ಸಂಬಳದಲ್ಲಿ, ವೇರಿಯಬಲನ್ನು ನಂಬದೆ, ಈಗಿನಷ್ಟೇ ಉಳಿತಾಯ ಆಗಬೇಕಾದರೆ ಇದೇ ಮಾದರಿಯ ಸಿಟಿಸಿ ಸುಮಾರು 13.25 ಲಕ್ಷ ಇರಬೇಕು. ಕಂಪನಿಯೊಂದಿಗೆ ಮಾತನಾಡುವಾಗ ನಿಮ್ಮ ಮನಸ್ಸಿನಲ್ಲಿ ಇರಬೇಕಾದ ಸಂಖ್ಯೆ ಇದು.

ನಿಮ್ಮ ಮನೆಯವರ ಕೆಲಸದ ಬಗ್ಗೆ ಒಂದು ಮಾತು. ಸರ್ಕಾರಿ ಮತ್ತು ಮರಾಠಿ ಮಾಧ್ಯಮದ ಶಾಲೆಗಳು ಅವರಿಗೆ ಒದಗುವುದಿಲ್ಲವಾದರೂ, ಸಿಬಿಎಸ್‌ಇ ಶಾಲೆಗಳಲ್ಲಿ ಬಿ.ಇಡಿ. ಆದ ಸಮಾಜ ವಿಜ್ಞಾನ ಅಥವಾ ಇಂಗ್ಲಿಷ್ ಶಿಕ್ಷಕರಿಗೆ ಅವಕಾಶವಿರುತ್ತದೆ. ಆದರೆ ಶಾಲೆಗಳು ನೇಮಕ ಮಾಡಿಕೊಳ್ಳುವುದು ಬಹುಮಟ್ಟಿಗೆ ಶೈಕ್ಷಣಿಕ ವರ್ಷ ಶುರುವಾಗುವ ಮುನ್ನ. ನಡುವೆ ಹೋದರೆ ಒಂದು ವರ್ಷ ಕೈಕಟ್ಟಿ ಕೂರಬೇಕಾಗುತ್ತದೆಂದೇ ಲೆಕ್ಕ ಹಾಕಿ.

ಹಣಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ಮಗಳ ಓದಿನ ವಿಷಯ. ನಿಮ್ಮ ಪತ್ರದಲ್ಲಿ ಅವಳ ಹೆಸರಿನ ಮುಂದೆ ಶಾಲಾ ಶುಲ್ಕ ಮಾತ್ರ ಇದೆ. ಕರ್ನಾಟಕದ ವೃತ್ತಿಶಿಕ್ಷಣ ಸೀಟುಗಳಿಗೆ ಸಿಇಟಿ ಮೂಲಕ ಅರ್ಹತೆ ಪಡೆಯುವ ಮುಖ್ಯ ದಾರಿಯೆಂದರೆ ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ ಏಳು ವರ್ಷ ಇಲ್ಲಿ ಓದಿರುವುದು, ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲಿ ಪಾಸು ಮಾಡಿರುವುದು. ಏಳು ವರ್ಷ ಅವಳಿಗೆ ಆಗಲೇ ತುಂಬಿದೆ. ಆದರೆ ಈಗ ಹೋಗಿ ಹತ್ತು, ಹನ್ನೆರಡು ಎರಡನ್ನೂ ಪುಣೆಯಲ್ಲಿ ಬರೆದರೆ ಎರಡನೆಯ ಷರತ್ತು ತಪ್ಪುತ್ತದೆ. ಕೆಲವು ವಿಶೇಷ ವರ್ಗಗಳಿಗೆ ಬೇರೆ ನಿಯಮಗಳಿವೆ, ಖಾಸಗಿ ಕಾರ್ಖಾನೆಯ ನೌಕರರಾದ ನೀವು ಅವನ್ನು ನಂಬಿ ಕೂರುವಂತಿಲ್ಲ. ಅತ್ತ ಮಹಾರಾಷ್ಟ್ರದಲ್ಲಿ ವೈದ್ಯಕೀಯದ ರಾಜ್ಯ ಕೋಟಾಗೆ ಹತ್ತು, ಹನ್ನೆರಡು ಅಲ್ಲೇ ಆಗಿರಬೇಕಾದ್ದರ ಜೊತೆಗೆ ಡೊಮಿಸೈಲ್ (ಕಾಯಂ ನಿವಾಸದ) ಪ್ರಮಾಣಪತ್ರವೂ ಬೇಕು, ಅದಕ್ಕೆ ಸಾಮಾನ್ಯವಾಗಿ ಹದಿನೈದು ವರ್ಷಗಳ ವಾಸ ಕೇಳುತ್ತಾರೆ. ಮಗಳು ಎರಡು ರಾಜ್ಯಗಳ ನಡುವೆ ಯಾವ ಕಡೆಗೂ ಸಲ್ಲದವಳಾಗುವ ಅಪಾಯ ನಿಜವಾದದ್ದು. ಖಾಸಗಿ ಆಡಳಿತ ಮಂಡಳಿ ಕೋಟಾದ ಒಂದು ಸೀಟಿಗೆ ಎಷ್ಟು ಕೇಳುತ್ತಾರೆಂದು ಹಾಸನದಲ್ಲೇ ವಿಚಾರಿಸಿ ನೋಡಿ. ಪುಣೆಯ ಹಲವು ವರ್ಷಗಳ ಉಳಿತಾಯ ಅದರಲ್ಲಿ ಮುಳುಗುತ್ತದೆ.

ಇದಲ್ಲದೆ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಲ್ಲಿ ಶೇ 5ರ ಮೀಸಲಾತಿ ಇದೆ. ಎಂಟು ವರ್ಷ ಓದಿ, ಇನ್ನೆರಡು ವರ್ಷ ಬಾಕಿ ಇರುವಾಗ ಅದನ್ನು ಬಿಟ್ಟುಕೊಡುವುದು ನನಗೆ ಸರಿಕಾಣುವುದಿಲ್ಲ. ನಿಮ್ಮ ಕುಟುಂಬ ಹಿಂದುಳಿದ ವರ್ಗದ ಯಾವುದಾದರೂ ಪ್ರವರ್ಗಕ್ಕೆ ಸೇರಿದ್ದರೆ 2ಎ, 3ಎ ಮುಂತಾದ ಪ್ರಮಾಣಪತ್ರಗಳಿಗೆ ಮಹಾರಾಷ್ಟ್ರದಲ್ಲಿ ಬೆಲೆ ಇಲ್ಲ ಎಂಬುದೂ ತಿಳಿದಿರಲಿ; ಪರಿಶಿಷ್ಟ ಜಾತಿ, ಪಂಗಡದವರಿಗೂ ವಲಸೆ ಹೋದ ರಾಜ್ಯದಲ್ಲಿ ಆ ರಾಜ್ಯದ ಮೀಸಲಾತಿ ಸಿಗುವುದಿಲ್ಲ. ಭಾಷೆಯ ತೊಡಕು ಬೇರೆ. ಕನ್ನಡ ಮಾಧ್ಯಮದಿಂದ ನೇರವಾಗಿ ಒಂಬತ್ತನೆಯ ತರಗತಿಯ ಸಿಬಿಎಸ್‌ಇ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಗುವಿಗೆ ಗಣಿತ, ವಿಜ್ಞಾನದ ಪರಿಭಾಷೆಯನ್ನೆಲ್ಲ ಹೊಸದಾಗಿ ಕಲಿಯಬೇಕಾಗುತ್ತದೆ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಮಂಡಳಿಗಳ ಶಾಲೆಗಳಲ್ಲೂ ಮರಾಠಿ ಕಲಿಸಬೇಕು. ಆರನೆಯ ತರಗತಿಯಿಂದ ಹಿಂದಿ ಓದಿರುವುದರಿಂದ ಲಿಪಿಯ ಪರಿಚಯ ಅವಳಿಗಿದೆ, ಅಷ್ಟೇ ಸಮಾಧಾನ. ಮೂರನೆಯ ತರಗತಿಯ ಮಗನಿಗೆ ಇದ್ಯಾವುದೂ ಕಷ್ಟವಲ್ಲ. ಆರು ತಿಂಗಳಲ್ಲಿ ಅವನೇ ನಿಮಗೆ ಮರಾಠಿ ಕಲಿಸುತ್ತಾನೆ.

ವಾಹನದ ವಿಷಯ ಚಿಕ್ಕದು, ಆದರೆ ಹಲವರು ಎಡವುವ ಜಾಗ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನಂತೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ನಿಮ್ಮ ಕೆಎ-13 ಕಾರಿಗೆ ಹಾಸನದ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ, ಕಂತು ಬಾಕಿ ಇರುವುದರಿಂದ ಬ್ಯಾಂಕಿನ ಒಪ್ಪಿಗೆ, ಮಹಾರಾಷ್ಟ್ರದ ತೆರಿಗೆ ಎಲ್ಲವೂ ಬೇಕಾಗುತ್ತವೆ. ಕಾರಿನ ಬೆಲೆ, ವಯಸ್ಸು ನೋಡಿ ತೆರಿಗೆ ಹತ್ತಾರು ಸಾವಿರವಾಗಬಹುದು. ಇಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿದ ಭಾಗವನ್ನು ಮರಳಿ ಕೇಳಬಹುದಾದರೂ, ಮೊದಲು ಅಲ್ಲಿ ಕಟ್ಟಿ ಆಮೇಲೆ ಇಲ್ಲಿ ಅರ್ಜಿ ಹಾಕಬೇಕು. ಹೊಸ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇದ್ದರೆ ನಮೂನೆ 60ರಲ್ಲಿ ಪ್ರಮಾಣಪತ್ರ ಪಡೆದು ರಾಜ್ಯ ಬದಲಾದರೂ ಮರುನೋಂದಣಿ ಬೇಕಿಲ್ಲದ ಭಾರತ್ (ಬಿಎಚ್) ಸರಣಿಗೆ ಬದಲಾಯಿಸಿಕೊಳ್ಳುವ ದಾರಿಯೂ ಇದೆ. ನನ್ನ ಸಲಹೆ ಇಷ್ಟೇ: ಕಾರನ್ನು ಹಾಸನದಲ್ಲೇ ಬಿಡಿ, ಅಥವಾ ಮಾರಿ ಕಂತಿನಿಂದ ಬಿಡಿಸಿಕೊಳ್ಳಿ. ಕಂತು ತೀರಿದರೆ ತಿಂಗಳಿಗೆ 7,200 ಉಳಿಯುತ್ತದೆ. ಈ ಇಡೀ ಲೆಕ್ಕದಲ್ಲಿ ಅಷ್ಟು ಸುಲಭವಾಗಿ ಇಳಿಯುವ ಖರ್ಚು ಇನ್ನೊಂದಿಲ್ಲ.

ತಾಯಿಯವರ ಆರೋಗ್ಯದ ಬಗ್ಗೆ: ಊರಿನ ಸಹಕಾರ ಸಂಘದ ಮೂಲಕ ಯಶಸ್ವಿನಿ ಆರೋಗ್ಯ ಯೋಜನೆ ಇದ್ದರೆ ಅದನ್ನು ನಿಲ್ಲಿಸಬೇಡಿ, ಅವರು ಹಾಸನದಲ್ಲೇ ಇರುವುದರಿಂದ ಅದು ಉಪಯೋಗಕ್ಕೆ ಬರುತ್ತದೆ. ಎಪ್ಪತ್ತು ತುಂಬಿದವರಿಗೆ ಆದಾಯದ ಮಿತಿಯಿಲ್ಲದೆ ಐದು ಲಕ್ಷದವರೆಗಿನ ಆಯುಷ್ಮಾನ್ ರಕ್ಷಣೆ ಸಿಗುತ್ತದೆ, ಅವರಿಗೆ ಇನ್ನೂ ನಾಲ್ಕು ವರ್ಷ ಇದೆ. ಕಂಪನಿಯ ಗುಂಪು ವಿಮೆಯಲ್ಲಿ ತಂದೆತಾಯಿಯರನ್ನು ಸೇರಿಸುತ್ತಾರೆಯೇ ಎಂದು ಕೇಳಿ. ಸೇರಿಸಿದರೆ ಆ ಒಂದು ಅಂಶಕ್ಕೇ ತಿಂಗಳಿಗೆ ಎರಡು ಸಾವಿರದಷ್ಟು ಬೆಲೆ ಕಟ್ಟಬಹುದು.

ಹೋಗುವಾಗಿನ ಖರ್ಚು ತಿಂಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಎರಡು ಮೂರು ತಿಂಗಳ ಅಡ್ವಾನ್ಸ್, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, ಸಾಮಾನು ಸಾಗಣೆ, ಶಾಲೆಯ ಪ್ರವೇಶ ಶುಲ್ಕ ಎಲ್ಲ ಸೇರಿ ಒಂದೂವರೆ ಲಕ್ಷವಾದರೂ ಕೈಯಲ್ಲಿರಬೇಕು. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರನ್ನು ನೋಂದಾಯಿಸುವುದು ಕಡ್ಡಾಯ; ಹಾಸನದಂತೆ ಛಾಪಾ ಕಾಗದದ ಮೇಲೆ ಬರೆದು ಮುಗಿಸಲಾಗುವುದಿಲ್ಲ. ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಮಾಡಿ, ಪ್ರತಿ ನವೀಕರಣಕ್ಕೂ ಬಾಡಿಗೆ ಏರಿಸುತ್ತಾರೆ. ಎರಡನೆಯ ವರ್ಷದ ಲೆಕ್ಕದಲ್ಲಿ 19,000ವನ್ನೇ ಇಟ್ಟುಕೊಳ್ಳಬೇಡಿ.

ಹಾಗಾದರೆ ಹೋಗಲು ಕಾರಣವೇ ಇಲ್ಲವೇ? ಇದೆ. ಚಾಕಣ, ಭೋಸರಿ, ಪಿಂಪ್ರಿ-ಚಿಂಚ್‌ವಡದ ಸುತ್ತ ಇರುವಷ್ಟು ವಾಹನ ತಯಾರಿಕೆಯ ಕಾರ್ಖಾನೆಗಳು ಹಾಸನದಲ್ಲಿ ಇಲ್ಲ. ಗುಣಮಟ್ಟ ವಿಭಾಗದಲ್ಲಿ ಮೂರು ನಾಲ್ಕು ವರ್ಷ ಅಲ್ಲಿ ಪಳಗಿದವರಿಗೆ ಮುಂದಿನ ಕೆಲಸ ಪಕ್ಕದ ಗೇಟಿನಲ್ಲೇ ಸಿಗುತ್ತದೆ. ಇಲ್ಲಿ ಈಗಿನ ಕಾರ್ಖಾನೆ ಮುಚ್ಚಿದರೆ ನಿಮ್ಮ ಮುಂದಿರುವ ಬಾಗಿಲುಗಳು ಕಡಿಮೆ. 38ನೆಯ ವಯಸ್ಸಿನಲ್ಲಿ ಈ ಅವಕಾಶಕ್ಕೆ ಬೆಲೆಯಿದೆ. ಅದಕ್ಕಾಗಿ ಒಂದೆರಡು ವರ್ಷ ಉಳಿತಾಯ ಕಡಿಮೆಯಾದರೂ ಸರಿ ಎನ್ನುವುದು ತಪ್ಪು ನಿರ್ಧಾರವಲ್ಲ. ಆದರೆ ಅದು ಭವಿಷ್ಯಕ್ಕಾಗಿ ಹೂಡುವ ಬಂಡವಾಳವೆಂದು ತಿಳಿದು ಹೋಗಬೇಕೇ ಹೊರತು ಈಗಲೇ ಲಾಭವೆಂದುಕೊಂಡು ಅಲ್ಲ.

ಲೆಕ್ಕದ ದೃಷ್ಟಿಯಿಂದ ಮಾತ್ರ ನೋಡಿದರೆ ಅತ್ಯಂತ ಲಾಭದಾಯಕವಾದ ದಾರಿ, ಮಗಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ನೀವೊಬ್ಬರೇ ಹೋಗುವುದು. ಇನ್ನೊಬ್ಬರೊಂದಿಗೆ ಹಂಚಿಕೊಂಡ ಕೋಣೆಗೆ 7,000, ಮೆಸ್ಸಿಗೆ 5,000, ತಿಂಗಳಿಗೊಮ್ಮೆ ಊರಿಗೆ ಬರಲು 3,000, ಕೈಖರ್ಚಿಗೆ 3,000 ಎಂದರೆ 18,000. ಹಾಸನದ ಮನೆಯ ಖರ್ಚು 38,000ಕ್ಕೆ ಇಳಿಯುತ್ತದೆ. ಮನೆಯವರ ಸಂಬಳ ಮುಂದುವರಿಯುವುದರಿಂದ ಆದಾಯ 81,800. ಪಿಎಫ್ ಸೇರಿ ತಿಂಗಳ ಉಳಿತಾಯ 36,600, ಅಂದರೆ ಈಗಿನದಕ್ಕಿಂತ 14,000 ಹೆಚ್ಚು. ಎರಡು ವರ್ಷಕ್ಕೂ ಮೇಲೆ ಹೆಂಡತಿ ಮಕ್ಕಳನ್ನು ಬಿಟ್ಟಿರುವುದು, ಅಮ್ಮ ಮತ್ತು ಇಬ್ಬರು ಮಕ್ಕಳ ಜವಾಬ್ದಾರಿಯನ್ನು ಮನೆಯವರೊಬ್ಬರೇ ಹೊರುವುದು ಆಗುವ ಮಾತೇ ಎಂಬುದನ್ನು ನೀವು ಮೂವರೂ ಕುಳಿತು ತೀರ್ಮಾನಿಸಬೇಕು. ಇನ್ನೊಂದು ದಾರಿ ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಆಸುಪಾಸಿನ ಬಿಡದಿ, ನರಸಾಪುರದಂಥ ಕಡೆ ಪ್ರಯತ್ನಿಸುವುದು. ಸಂಬಳ ಪುಣೆಗಿಂತ ಸ್ವಲ್ಪ ಕಡಿಮೆಯಾದರೂ ಸಿಇಟಿ ಅರ್ಹತೆ, ಕಾರಿನ ನೋಂದಣಿ, ಗೃಹಜ್ಯೋತಿ, ಬಸ್ಸು ಯಾವುದಕ್ಕೂ ಧಕ್ಕೆಯಿಲ್ಲ. ಬಿಡದಿಯಿಂದಾದರೆ ಶನಿವಾರ ಸಂಜೆ ಹೊರಟು ರಾತ್ರಿಯ ಊಟಕ್ಕೆ ಹಾಸನದಲ್ಲಿರುತ್ತೀರಿ.

ಕಂಪನಿಗೆ ಒಪ್ಪಿಗೆ ಕೊಡುವ ಮುನ್ನ ಕೆಲವು ಸಂಗತಿಗಳನ್ನು ಬರಹದಲ್ಲೇ ಕೇಳಿ ಪಡೆಯಿರಿ: ಕಳೆದ ಮೂರು ವರ್ಷಗಳಲ್ಲಿ ನಿಮ್ಮ ದರ್ಜೆಯವರಿಗೆ ವೇರಿಯಬಲ್ ಪೇ ಶೇಕಡಾ ಎಷ್ಟು ಕೊಟ್ಟಿದ್ದಾರೆ, ಸ್ಥಳಾಂತರ ಭತ್ಯೆ ಎಷ್ಟು, ಮೋಶಿಯಿಂದ ಕಂಪನಿ ಬಸ್ ಇದೆಯೇ, ಪಿಎಫ್‌ ಪೂರ್ತಿ ಮೂಲವೇತನದ ಮೇಲೋ ಮಿತಿಯ ಮೇಲೋ. ಬಸ್ಸಿನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾಸಿಕ್ ಹೆದ್ದಾರಿಯಲ್ಲಿ ಚಾಕಣದವರೆಗಿನ ವಾಹನ ದಟ್ಟಣೆಯಲ್ಲಿ ದಿನಾ ಬೈಕ್ ಓಡಿಸುವುದು ಬೇರೆಯೇ ಮಾತು. ಇಡೀ ಕುಟುಂಬವೇ ಹೋಗುವುದೆಂದು ನಿರ್ಧಾರವಾದರೂ ಶಾಲೆಯ ವರ್ಷದ ನಡುವೆ ಮಕ್ಕಳನ್ನು ಎಬ್ಬಿಸಬೇಡಿ. ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲೇ ತೆರೆಯುವುದರಿಂದ ಪ್ರವೇಶವನ್ನು ಜನವರಿ, ಫೆಬ್ರವರಿಯಲ್ಲೇ ವಿಚಾರಿಸಬೇಕಾಗುತ್ತದೆ, ಮತ್ತು ಅಲ್ಲಿ ಸೀಟು ಖಚಿತವಾಗಿ ರಸೀದಿ ಕೈಗೆ ಬರುವವರೆಗೆ ಹಾಸನದ ಶಾಲೆಗಳಿಂದ ವರ್ಗಾವಣೆ ಪತ್ರ ತೆಗೆಸಬೇಡಿ.